ಈ ಸಾಲಿಗೆ ಎಲ್ಲಿಂದ ಬಂದೆವು? ಗೋಟೂ ಜಗಳದ ಬಗ್ಗೆ ಒಂದು ಮಾತು

ಪ್ರೋಗ್ರಾಮಿಂಗ್ ಕಲಿಯುತ್ತಿರುವವರು ಮತ್ತು ಈಗಾಗಲೇ ಅದೇ ಕೆಲಸದಲ್ಲಿರುವವರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪ್ರಶ್ನೆ. 'ಗೋಟೂ ಬಳಸಬೇಡಿ' ಅಂತ ಯಾರಾದರೂ ಹೇಳಿದ್ದನ್ನು ಕೇಳಿದವರು ಕೈ ಎತ್ತಿ. ಹೆಚ್ಚುಕಮ್ಮಿ ಎಲ್ಲರ ಕೈಯೂ ಮೇಲಿದೆ. ಸರಿ. ಯಾಕೆ ಬಳಸಬಾರದು ಅಂತ ಕೂರಿಸಿಕೊಂಡು ವಿವರಿಸಿದವರು ಎಷ್ಟು ಜನಕ್ಕೆ ಸಿಕ್ಕಿದ್ದಾರೆ? ನೋಡಿ, ಬಹಳಷ್ಟು ಕೈಗಳು ಇಳಿದವು. ಇವತ್ತಿನ ಮಾತು ಆ ಇಳಿದ ಕೈಗಳಿಗೆ.

ಗೋಟೂ ಅನ್ನುವುದು ತುಂಬಾ ಸರಳವಾದ ಆಜ್ಞೆ. ಪ್ರೋಗ್ರಾಂ ಮೇಲಿಂದ ಕೆಳಗೆ ಸಾಲು ಸಾಲಾಗಿ ನಡೆಯುತ್ತಿರುತ್ತದೆ. ಮಧ್ಯದಲ್ಲಿ 'ಇಲ್ಲಿಂದ ಇಂಥ ಹೆಸರಿನ ಜಾಗಕ್ಕೆ ಹಾರು' ಅಂತ ಹೇಳುವುದೇ ಗೋಟೂ. ಆ ಜಾಗಕ್ಕೆ ಕೊಟ್ಟ ಹೆಸರು ಲೇಬಲ್. ಮುಂದಕ್ಕೂ ಹಾರಬಹುದು, ಹಿಂದಕ್ಕೂ ಹಾರಬಹುದು. ಫಂಕ್ಷನ್ ಅಂದರೆ ಒಂದು ಕೆಲಸಕ್ಕೆ ಹೆಸರಿಟ್ಟು ಬರೆದಿಟ್ಟ ಪ್ರೋಗ್ರಾಂ ತುಂಡು. ಅದನ್ನು ಕರೆದರೆ ಕೆಲಸ ಮುಗಿಸಿ ಕರೆದ ಜಾಗಕ್ಕೇ ವಾಪಸ್ ಬರುತ್ತದೆ. ಗೋಟೂಗೆ ಆ ಕರಾರಿಲ್ಲ. ಹೋದದ್ದು ಹೋಯಿತು.

ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಅದನ್ನು ಈಗಲೇ ಹೇಳಿಬಿಡುತ್ತೇನೆ. ಈ ಜಗಳದಲ್ಲಿ ಎಲ್ಲರೂ ಹಾರುವ ಸಾಲನ್ನೇ ಬೈಯುತ್ತಾರೆ. ನನ್ನ ಪ್ರಕಾರ ತೊಂದರೆ ಇರುವುದು ಇಳಿಯುವ ಸಾಲಿನಲ್ಲಿ. ಗೋಟೂ ಇರುವ ಸಾಲನ್ನು ಓದಿದರೆ ಎಲ್ಲಿಗೆ ಹೋಗುತ್ತದೆ ಅಂತ ಅಲ್ಲೇ ಬರೆದಿರುತ್ತದೆ. ಲೇಬಲ್ ಇರುವ ಸಾಲನ್ನು ಓದಿ ನೋಡಿ. ಅಲ್ಲಿಗೆ ಯಾರು ಯಾರು, ಎಲ್ಲೆಲ್ಲಿಂದ, ಯಾವ ಸ್ಥಿತಿಯಲ್ಲಿ ಬಂದಿಳಿಯುತ್ತಾರೆ ಅಂತ ಬರೆದಿರುವುದಿಲ್ಲ.

ಇದು ನನಗೆ ಅರ್ಥವಾಗಿದ್ದು ಪುಸ್ತಕ ಓದಿ ಅಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಿ ಭಾಷೆಯಲ್ಲಿ ಬರೆದ, ಸುಮಾರು 700 ಸಾಲಿನ ಒಂದು ಫಂಕ್ಷನ್ ನನ್ನ ಪಾಲಿಗೆ ಬಂತು. ಬರೆದವರು ಕೆಲಸ ಬಿಟ್ಟು ಹೋಗಿದ್ದರು. ಹೊರಗಿನಿಂದ ಬರುವ ಡೇಟಾ ತೆಗೆದುಕೊಂಡು, ಪರೀಕ್ಷಿಸಿ, ಮುಂದಕ್ಕೆ ಕಳಿಸುವ ಫಂಕ್ಷನ್ ಅದು. ವಾರಗಟ್ಟಲೆ ಚೆನ್ನಾಗಿಯೇ ಓಡುತ್ತಿತ್ತು. ಆಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ ಬಿದ್ದುಹೋಗುತ್ತಿತ್ತು. ಬಿದ್ದ ಸಾಲು ಯಾವಾಗಲೂ ಒಂದೇ. 'ಎಲ್4' ಅನ್ನುವ ಲೇಬಲ್‌ನ ಕೆಳಗೆ ಒಂದು ಬಫರನ್ನು, ಅಂದರೆ ಡೇಟಾ ಇಡಲು ತೆಗೆದುಕೊಂಡ ಮೆಮೊರಿಯ ಜಾಗವನ್ನು, ಬಿಡುಗಡೆ ಮಾಡುವ ಸಾಲು.

ಆ ಸಾಲಿನಲ್ಲಿ ತಪ್ಪೇನೂ ಇರಲಿಲ್ಲ. ಬಫರ್ ಇದ್ದರೆ ಅದನ್ನು ಬಿಡುಗಡೆ ಮಾಡಲೇಬೇಕು, ಅಲ್ವಾ? ನಾಲ್ಕು ದಿನ ಆ ಸಾಲನ್ನೇ ದಿಟ್ಟಿಸಿದೆ. ಐದನೇ ದಿನ ಹಾಳೆ ತೆಗೆದುಕೊಂಡು, 'ಎಲ್4'ಗೆ ಹಾರುವ ಎಲ್ಲಾ ಜಾಗಗಳನ್ನೂ ಹುಡುಕಿ ಬರೆದೆ. ಹನ್ನೊಂದು ಇದ್ದವು. ಒಂಬತ್ತು ಕಡೆಯಿಂದ ಹಾರುವಾಗ ಬಫರ್ ನಮ್ಮ ಕೈಯಲ್ಲೇ ಇರುತ್ತಿತ್ತು. ಉಳಿದ ಎರಡು ಕಡೆ ಅದನ್ನು ಆಗಲೇ ಬಿಡುಗಡೆ ಮಾಡಿಯಾಗಿತ್ತು. ಬಿಟ್ಟದ್ದನ್ನೇ ಮತ್ತೆ ಬಿಟ್ಟರೆ ಪ್ರೋಗ್ರಾಂ ಬೀಳುತ್ತದೆ. ಆ ಎರಡು ದಾರಿಗಳು ಅಪರೂಪಕ್ಕೆ ಮಾತ್ರ ತೆರೆಯುತ್ತಿದ್ದವು. ಹಾಗಾಗಿಯೇ ವಾರಗಟ್ಟಲೆ ಏನೂ ಆಗುತ್ತಿರಲಿಲ್ಲ.

ಹನ್ನೊಂದು ಜನ ಒಂದೇ ಬಾಗಿಲಿನಿಂದ ಒಳಗೆ ಬರುತ್ತಾರೆ. ಇಬ್ಬರ ಕೈ ಖಾಲಿ. ಬಾಗಿಲಲ್ಲಿ ನಿಂತವನಿಗೆ ಯಾರ ಕೈ ಖಾಲಿ ಅಂತ ತಿಳಿಯುವ ದಾರಿಯೇ ಇಲ್ಲ. ನನ್ನ ಸಮಸ್ಯೆ ಇಷ್ಟೇ ಆಗಿತ್ತು.

ಇದಾಗಿ ಎಷ್ಟೋ ದಿನದ ಮೇಲೆ ನೆದರ್‌ಲ್ಯಾಂಡ್ಸ್‌ನ ಕಂಪ್ಯೂಟರ್ ವಿಜ್ಞಾನಿ ಎಡ್ಸ್ಗರ್ ಡೈಕ್‌ಸ್ಟ್ರಾ ಬರೆದ ಪತ್ರ ಓದಿದೆ. 1968ರ ಮಾರ್ಚ್‌ನಲ್ಲಿ, ಎಸಿಎಂ ಅನ್ನುವ ಕಂಪ್ಯೂಟರ್ ತಜ್ಞರ ಸಂಸ್ಥೆಯ ಮಾಸಿಕದಲ್ಲಿ ಬಂದದ್ದು. ಎರಡು ಪುಟಕ್ಕಿಂತ ಹೆಚ್ಚಿಲ್ಲ. 'ಗೋಟೂ ಹಾನಿಕರ' ಅನ್ನುವ ಅರ್ಥದ ಅದರ ತಲೆಬರಹ ಎಷ್ಟು ಪ್ರಸಿದ್ಧವಾಯಿತೆಂದರೆ, ಇವತ್ತಿಗೂ ಕಂಪ್ಯೂಟರ್ ಲೋಕದಲ್ಲಿ ಏನನ್ನಾದರೂ ವಿರೋಧಿಸಬೇಕಾದರೆ ಜನ ಅದೇ ಅಚ್ಚಿನಲ್ಲಿ ತಲೆಬರಹ ಕೊಡುತ್ತಾರೆ. ಆದರೆ ಆ ತಲೆಬರಹ ಡೈಕ್‌ಸ್ಟ್ರಾ ಇಟ್ಟದ್ದಲ್ಲ. ಅವರು ಕೊಟ್ಟದ್ದು 'ಗೋಟೂ ವಿರುದ್ಧ ಒಂದು ವಾದ' ಅನ್ನುವಂಥ ಸಾದಾ ಹೆಸರು. ಬೇಗ ಅಚ್ಚಾಗಲಿ ಅಂತ ಅದನ್ನು ಸಂಪಾದಕರಿಗೆ ಬರೆದ ಪತ್ರವಾಗಿ ಮಾಡಿ, ಹೆಸರು ಬದಲಾಯಿಸಿದವರು ಸಂಪಾದಕರಾಗಿದ್ದ ನಿಕ್ಲಾಸ್ ವಿರ್ತ್. ಮುಂದೆ ಪ್ಯಾಸ್ಕಲ್ ಭಾಷೆ ಮಾಡಿದವರೂ ಅವರೇ.

ತಲೆಬರಹ ಮಾತ್ರ ಓದಿದವರು ಲಕ್ಷಾಂತರ ಜನ ಇರಬೇಕು. ಒಳಗಿನ ವಾದ ಓದಿದವರು ಕಡಿಮೆ. ನಾನು ಸ್ವಲ್ಪ ನಿಧಾನವಾಗಿ ಅದನ್ನೇ ಹೇಳುತ್ತೇನೆ. ಇಡೀ ವಿಷಯದ ತಿರುಳು ಅಲ್ಲೇ ಇದೆ.

ಡೈಕ್‌ಸ್ಟ್ರಾ ಹೇಳುವುದು ಹೀಗೆ. ಪ್ರೋಗ್ರಾಂ ಬರೆದು ಮುಗಿಸಿದಾಗ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ನಿಜವಾಗಿ ನಮಗೆ ಬೇಕಾಗಿದ್ದು ಆ ಬರಹ ಅಲ್ಲ, ಅದು ಓಡುವಾಗ ನಡೆಯುವ ಕ್ರಿಯೆ. ಬರಹ ಕಾಗದದ ಮೇಲೆ ಹರಡಿಕೊಂಡಿರುತ್ತದೆ. ಕ್ರಿಯೆ ಕಾಲದಲ್ಲಿ ಹರಡಿಕೊಂಡಿರುತ್ತದೆ. ಮನುಷ್ಯನ ಬುದ್ಧಿ ನಿಂತ ಚಿತ್ರವನ್ನು ಹಿಡಿಯುವುದರಲ್ಲಿ ಚುರುಕು. ಕ್ಷಣ ಕ್ಷಣಕ್ಕೂ ಬದಲಾಗುತ್ತಾ ಹೋಗುವುದನ್ನು ಮನಸ್ಸಿನಲ್ಲಿ ಕಾಣುವುದರಲ್ಲಿ ಅಷ್ಟಕ್ಕಷ್ಟೆ. ಹಾಗಾಗಿ ಕಾಗದದ ಮೇಲಿನ ಬರಹಕ್ಕೂ ಓಡುವ ಕ್ರಿಯೆಗೂ ನಡುವಿನ ಅಂತರ ಎಷ್ಟು ಕಡಿಮೆ ಮಾಡಿದರೆ ಅಷ್ಟು ಒಳ್ಳೆಯದು.

ಈಗ ಪ್ರೋಗ್ರಾಂ ಓಡುತ್ತಿರುವಾಗ ಒಂದು ಕ್ಷಣಕ್ಕೆ ನಿಲ್ಲಿಸಿದಿರಿ ಅಂತಿಟ್ಟುಕೊಳ್ಳಿ. 'ಎಲ್ಲಿದ್ದೇವೆ?' ಅಂತ ಕೇಳಿದರೆ ಏನು ಉತ್ತರ ಕೊಡುತ್ತೀರಿ? ಗೋಟೂ ಇಲ್ಲದ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಇಲ್ಲದ ಪ್ರೋಗ್ರಾಂ ಆದರೆ ಸುಲಭ. '12ನೇ ಸಾಲಿನಲ್ಲಿದ್ದೇವೆ' ಅಂದರೆ ಸಾಕು. ಅದಕ್ಕಿಂತ ಮೊದಲು ಏನೇನು ನಡೆದಿದೆ ಅನ್ನುವುದು ಅದರಲ್ಲೇ ಬಂತು. 'ಇದಾದರೆ ಅದು ಮಾಡು' ಅನ್ನುವ ಇಫ್ ಇದ್ದರೂ ಪರವಾಗಿಲ್ಲ. ಫಂಕ್ಷನ್‌ಗಳು ಬಂದರೆ ಒಂದು ಸಾಲು ಸಾಲದು. 'ಈ ಫಂಕ್ಷನ್‌ನ 12ನೇ ಸಾಲು, ಇದನ್ನು ಕರೆದದ್ದು ಆ ಫಂಕ್ಷನ್‌ನ 40ನೇ ಸಾಲಿನಿಂದ' ಅಂತ ಸರಪಳಿ ಹೇಳಬೇಕು. ಎರರ್ ಬಂದಾಗ ಪರದೆಯ ಮೇಲೆ ಉದ್ದಕ್ಕೆ ಒಂದು ಪಟ್ಟಿ ಬೀಳುತ್ತದಲ್ಲ, ಅದು ಇದೇ ಸರಪಳಿ. ಲೂಪ್ ಇದ್ದರೆ 'ಏಳನೇ ಸುತ್ತಿನಲ್ಲಿದ್ದೇವೆ' ಅಂತ ಸೇರಿಸಬೇಕು. ಅಷ್ಟಿದ್ದರೆ ನಾವಿರುವ ಜಾಗದ ವಿಳಾಸ ಪೂರ್ತಿಯಾಯಿತು.

ಗೋಟೂವನ್ನು ಮನಸ್ಸಿಗೆ ಬಂದ ಹಾಗೆ ಬಳಸಿದರೆ ಈ ವಿಳಾಸ ಕಳೆದುಹೋಗುತ್ತದೆ. 12ನೇ ಸಾಲಿನಲ್ಲಿದ್ದೇವೆ ಅಂದರೆ ಏನೂ ಗೊತ್ತಾಗುವುದಿಲ್ಲ. ಮೇಲಿಂದ ಬಂದೆವೋ, ಕೆಳಗಿನಿಂದ ಹಾರಿ ಬಂದೆವೋ, ಎಷ್ಟನೇ ಸಲ ಬಂದೆವೋ?

ವಿಳಾಸ ಯಾಕೆ ಬೇಕು ಅನ್ನುವುದಕ್ಕೆ ಅವರೇ ಕೊಟ್ಟ ಉದಾಹರಣೆ ನನಗೆ ತುಂಬಾ ಇಷ್ಟ. ಖಾಲಿ ಕೋಣೆಯೊಳಕ್ಕೆ ಜನ ಒಬ್ಬೊಬ್ಬರಾಗಿ ಬರುತ್ತಾರೆ. ಒಬ್ಬರು ಒಳಗೆ ಬಂದಾಗೆಲ್ಲ ನಾವು ಎಣಿಕೆಗೆ ಒಂದು ಸೇರಿಸುತ್ತೇವೆ. ಒಬ್ಬರು ಒಳಗೆ ಬಂದಾಯಿತು, ಆದರೆ ನಾವಿನ್ನೂ ಒಂದು ಸೇರಿಸಿಲ್ಲ. ಆ ಕ್ಷಣದಲ್ಲಿ ನಮ್ಮ ಎಣಿಕೆ ಕೋಣೆಯಲ್ಲಿರುವ ಜನರಿಗಿಂತ ಒಂದು ಕಡಿಮೆ. ಅಂದರೆ ಒಂದು ಸಂಖ್ಯೆ ನೋಡಿ ಅದರ ಅರ್ಥ ಹೇಳಬೇಕಾದರೆ, ನಾವು ಕ್ರಿಯೆಯ ಯಾವ ಹಂತದಲ್ಲಿದ್ದೇವೆ ಅಂತ ಗೊತ್ತಿರಲೇಬೇಕು. ನನ್ನ 'ಎಲ್4'ನಲ್ಲಿ ಆದದ್ದೂ ಇದೇ. ಬಫರ್ ಅನ್ನುವ ಹೆಸರಿನಲ್ಲಿ ಒಂದು ಬೆಲೆ ಇತ್ತು. ಅದು ಜೀವಂತ ಬಫರೋ ಸತ್ತ ಬಫರೋ ಅನ್ನುವುದು ಎಲ್ಲಿಂದ ಬಂದೆವು ಅನ್ನುವುದರ ಮೇಲೆ ನಿಂತಿತ್ತು.

ಈಗಿನ ಗೋಟೂ ನೋಡಿದವರಿಗೆ ಡೈಕ್‌ಸ್ಟ್ರಾ ಅಷ್ಟು ಗಟ್ಟಿಯಾಗಿ ಯಾಕೆ ಕೂಗಿದರು ಅನ್ನಿಸಬಹುದು. ಆ ಕಾಲದ ಗೋಟೂ ಬೇರೆಯೇ ಇತ್ತು. 1957ರಲ್ಲಿ ಬಂದ ಫೋರ್ಟ್ರಾನ್‌ನಲ್ಲಿ ಇಫ್ ಅಂದರೆ ಮೂರು ದಾರಿ. ಲೆಕ್ಕದ ಫಲ ಸೊನ್ನೆಗಿಂತ ಕಡಿಮೆ ಇದ್ದರೆ ಈ ಸಂಖ್ಯೆಯ ಸಾಲಿಗೆ, ಸೊನ್ನೆಯಾದರೆ ಆ ಸಂಖ್ಯೆಯ ಸಾಲಿಗೆ, ಹೆಚ್ಚಿದ್ದರೆ ಇನ್ನೊಂದಕ್ಕೆ. ಪ್ರತಿ ಇಫ್ ಒಳಗೂ ಮೂರು ಗೋಟೂ ಅಡಗಿ ಕೂತಿದ್ದವು. ಹಾರಬೇಕಾದ ಸಾಲಿನ ಸಂಖ್ಯೆಯನ್ನು ವೇರಿಯಬಲ್‌ನಲ್ಲಿಟ್ಟು (ಅಂದರೆ ಓಡುವಾಗ ಬೆಲೆ ಬದಲಾಗಬಲ್ಲ ಒಂದು ಹೆಸರಿನಲ್ಲಿಟ್ಟು) ಹಾರುವ ಸೌಕರ್ಯವೂ ಇತ್ತು. ಕೋಬಾಲ್‌ನ ಆಲ್ಟರ್ ಅನ್ನುವ ಆಜ್ಞೆ ಇನ್ನೂ ಒಂದು ಹೆಜ್ಜೆ ಮುಂದೆ. ಬೇರೆಲ್ಲೋ ಇರುವ ಗೋಟೂ ಎಲ್ಲಿಗೆ ಹಾರಬೇಕು ಅನ್ನುವುದನ್ನೇ ಪ್ರೋಗ್ರಾಂ ಓಡುತ್ತಿರುವಾಗ ಅದು ಬದಲಾಯಿಸುತ್ತಿತ್ತು. ಗೋಟೂ ಇರುವ ಸಾಲು ಓದಿದರೆ ಎಲ್ಲಿಗೆ ಹೋಗುತ್ತದೆ ಅಂತ ತಿಳಿಯುತ್ತದೆ ಅಂದೆನಲ್ಲ, ಅಲ್ಲಿ ಅದೂ ತಿಳಿಯುತ್ತಿರಲಿಲ್ಲ.

1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಬೇಸಿಕ್ ಭಾಷೆ ಮಾಡಿದರು. ವಿಜ್ಞಾನ ಓದದವರೂ ಕಂಪ್ಯೂಟರ್ ಬಳಸಲಿ ಅನ್ನುವ ದೊಡ್ಡ ಮನಸ್ಸಿನ ಕೆಲಸ ಅದು. ಅದರಲ್ಲಿ ಪ್ರತಿ ಸಾಲಿಗೂ ಒಂದು ಸಂಖ್ಯೆ. ಪ್ರತಿ ಸಂಖ್ಯೆಗೂ ಹಾರಬಹುದು. ಅಂದರೆ ಪ್ರತಿ ಸಾಲೂ ಒಂದು ಲೇಬಲ್. ಯಾವ ಸಾಲು ಓದುವಾಗಲೂ 'ಇಲ್ಲಿಗೆ ಎಲ್ಲಿಂದಲೋ ಯಾರೋ ಹಾರಿ ಬರುತ್ತಿರಬಹುದು' ಅನ್ನುವ ಅನುಮಾನ ಇಟ್ಟುಕೊಂಡೇ ಓದಬೇಕು. ಮನೆಗಳಿಗೆ ಕಂಪ್ಯೂಟರ್ ಬಂದಾಗ ಒಂದಿಡೀ ಪೀಳಿಗೆ ಪ್ರೋಗ್ರಾಮಿಂಗ್ ಕಲಿತದ್ದು ಅದರಲ್ಲೇ. ಆ ಭಾಷೆಯ ಬಗ್ಗೆ ನನಗೆ ಗೌರವ ಇದೆ. ಆದರೂ ಸಿ ಭಾಷೆಯಲ್ಲಿ ಲೇಬಲ್ ಇಲ್ಲದ ಸಾಲಿಗೆ ಯಾರೂ ಹಾರಿ ಬರಲಾರರು ಅನ್ನುವ ನೆಮ್ಮದಿ ಎಷ್ಟು ದೊಡ್ಡದು ಅಂತ ಅರ್ಥವಾಗುವುದು ಬೇಸಿಕ್ ನೋಡಿದ ಮೇಲೆಯೇ.

ಸರಿ, ಗೋಟೂ ಕಿತ್ತುಹಾಕಿದರೆ ಆಯಿತಲ್ಲ? ಅದು ಸಾಧ್ಯ ಅಂತ 1966ರಲ್ಲೇ ಇಟಲಿಯ ಕೊರಾಡೊ ಬೋಮ್ ಮತ್ತು ಜುಸೆಪ್ಪೆ ಜಾಕೊಪಿನಿ ಗಣಿತದಿಂದ ತೋರಿಸಿದ್ದರು. ಒಂದಾದ ಮೇಲೆ ಒಂದು, ಇದಾದರೆ ಅದು, ಇದಾಗುವವರೆಗೆ ಅದು. ಈ ಮೂರು ಸಾಕು, ಎಂಥ ಪ್ರೋಗ್ರಾಂ ಬೇಕಾದರೂ ಬರೆಯಬಹುದು. ಆದರೆ ಅದಕ್ಕೊಂದು ಬೆಲೆ ಇದೆ. ಕೆಲವು ಸಲ ಹೊಸ ವೇರಿಯಬಲ್‌ಗಳನ್ನು ತರಬೇಕಾಗುತ್ತದೆ. ಹೌದು ಅಥವಾ ಅಲ್ಲ ಅಂತ ಗುರುತಿಟ್ಟುಕೊಳ್ಳುವ, ನಾವು ಫ್ಲ್ಯಾಗ್ ಅನ್ನುತ್ತೇವಲ್ಲ, ಅಂಥವು. ಡೈಕ್‌ಸ್ಟ್ರಾ ತಮ್ಮ ಪತ್ರದಲ್ಲೇ ಇದನ್ನು ಎತ್ತಿ ಎಚ್ಚರಿಸಿದ್ದರು. ಹೀಗೆ ಯಾಂತ್ರಿಕವಾಗಿ ಗೋಟೂ ತೆಗೆದರೆ ಬರುವ ಪ್ರೋಗ್ರಾಂ ಮೊದಲಿಗಿಂತ ತಿಳಿಯಾಗಿರುತ್ತದೆ ಅಂತ ನಂಬಬೇಡಿ ಅಂದಿದ್ದರು.

ಆ ಎಚ್ಚರಿಕೆ ನಿಜ ಅಂತ ನನಗೆ ಗೊತ್ತಾದದ್ದು ಅದೇ ಫಂಕ್ಷನ್‌ನಿಂದ. ತಪ್ಪು ಸರಿಮಾಡಿದ ಮೇಲೆ, ನಾನಿದ್ದ ಕಡೆ ಗೋಟೂ ಇರಲೇಬಾರದು ಅನ್ನುವ ನಿಯಮ ಬಂತು. ನಾನು ಪೂರ್ತಿ ಮನಸ್ಸಿನಿಂದ ಎಲ್ಲಾ ಗೋಟೂ ತೆಗೆದೆ. ಬದಲಿಗೆ ಮೂರು ಫ್ಲ್ಯಾಗ್ ಬಂದವು. ಕೆಲಸ ಮುಗಿಯಿತು, ತಪ್ಪಾಯಿತು, ಮತ್ತೆ ಮಾಡು. ಪ್ರತಿ ಲೂಪ್‌ನ ಷರತ್ತಿನಲ್ಲೂ ಈ ಮೂರನ್ನೂ ನೋಡಬೇಕು. ಮೂರು ಫ್ಲ್ಯಾಗ್ ಅಂದರೆ ಎಂಟು ಜೋಡಣೆ. ಅರ್ಥ ಇದ್ದದ್ದು ನಾಲ್ಕಕ್ಕೆ ಮಾತ್ರ. ಉಳಿದ ನಾಲ್ಕು ಯಾವತ್ತೂ ಬರುವುದಿಲ್ಲ ಅಂತ ನಾನು ಅಂದುಕೊಂಡಿದ್ದೆ. 'ತಪ್ಪಾಯಿತು', 'ಮತ್ತೆ ಮಾಡು' ಎರಡೂ ಒಟ್ಟಿಗೆ ಬಂದ ದಿನ ಪ್ರೋಗ್ರಾಂ ಬೀಳಲಿಲ್ಲ. ಸುಮ್ನೆ ಸುತ್ತುತ್ತಾ ಕೂತಿತು. ಬಿದ್ದರೆ ಸಾಲಿನ ಸಂಖ್ಯೆಯಾದರೂ ಸಿಗುತ್ತದೆ. ಸುತ್ತುತ್ತಾ ಕೂತರೆ ಅದೂ ಇಲ್ಲ.

ಆಗಿದ್ದೇನು ಅಂದರೆ, 'ಎಲ್ಲಿಂದ ಬಂದೆವು' ಅನ್ನುವ ಪ್ರಶ್ನೆಯನ್ನು ನಾನು ಲೇಬಲ್‌ನಿಂದ ಎತ್ತಿ ಫ್ಲ್ಯಾಗ್‌ನಲ್ಲಿಟ್ಟಿದ್ದೆ. ಫ್ಲ್ಯಾಗ್ ಅಂದರೆ ತಡವಾಗಿ ಹಾರುವ ಗೋಟೂ. 'ಇಲ್ಲಿಂದ ಹೊರಡಬೇಕು' ಅಂತ ಈಗ ಬರೆದಿಟ್ಟು, ಆಮೇಲೆ ಹೊರಡುವುದು. ನಡುವೆ ಇನ್ನೇನೇನೋ ನಡೆದುಹೋಗುತ್ತದೆ. ಗೋಟೂ ಅಂತ ಹುಡುಕಿದರೆ ಫೈಲಿನಲ್ಲಿ ಒಂದೂ ಸಿಗುವುದಿಲ್ಲ, ಆದರೆ ತೊಡಕು ಹಾಗೇ ಇದೆ.

ಇದನ್ನು ಬಹಳ ಚೆನ್ನಾಗಿ ಬಿಡಿಸಿ ತೋರಿಸಿದವರು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್. 1974ರ ಡಿಸೆಂಬರ್‌ನಲ್ಲಿ ಅವರು ಬರೆದ ಲೇಖನ ನಲವತ್ತು ಪುಟದ್ದು. ಗೋಟೂ ಪರವೂ ಅಲ್ಲ, ವಿರುದ್ಧವೂ ಅಲ್ಲ. ಕೆಲವು ಕಡೆ ಗೋಟೂ ತೆಗೆಯುತ್ತಾರೆ, ಕೆಲವು ಕಡೆ ಅವರೇ ತಂದು ಹಾಕುತ್ತಾರೆ. ಅದರ ಒಂದು ಉದಾಹರಣೆ ನೋಡಿ. ಒಂದು ಪಟ್ಟಿಯಲ್ಲಿ ಹೆಸರು ಹುಡುಕಬೇಕು. ಸಿಕ್ಕರೆ ಅದರ ಲೆಕ್ಕಕ್ಕೆ ಒಂದು ಸೇರಿಸಬೇಕು. ಸಿಗದಿದ್ದರೆ ಕೊನೆಯಲ್ಲಿ ಹೊಸದಾಗಿ ಬರೆದು, ಆಮೇಲೆ ಒಂದು ಸೇರಿಸಬೇಕು. ಲೂಪ್‌ನಿಂದ ಹೊರಗೆ ಬರುವುದು ಎರಡು ಕಾರಣಕ್ಕೆ. ಹೆಸರು ಸಿಕ್ಕಿತು, ಇಲ್ಲವೇ ಪಟ್ಟಿ ಮುಗಿಯಿತು. ಸಾದಾ ಲೂಪ್‌ನಲ್ಲಿ ಎರಡೂ ದಾರಿ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಸೇರಿದ ಮೇಲೆ 'ಯಾವ ದಾರಿಯಲ್ಲಿ ಬಂದೆ?' ಅಂತ ಇನ್ನೊಂದು ಇಫ್ ಹಾಕಿ ಕೇಳಬೇಕು. ಒಂದು ಕ್ಷಣದ ಹಿಂದೆ ಗೊತ್ತಿದ್ದದ್ದನ್ನು ಮರೆತು, ಮತ್ತೆ ಕೇಳುವುದು ಅದು. ಗೋಟೂ ಇದ್ದರೆ ಸಿಕ್ಕ ತಕ್ಷಣ 'ಸಿಕ್ಕಿತು' ಅನ್ನುವ ಲೇಬಲ್‌ಗೆ ಹಾರಬಹುದು. ಪೈಥಾನ್‌ನಲ್ಲಿ ಫಾರ್ ಲೂಪ್‌ಗೂ ಎಲ್ಸ್ ಹಾಕಬಹುದು, ಗಮನಿಸಿದ್ದೀರಾ? ಬ್ರೇಕ್ ಆಗದೆ, ಅಂದರೆ ನಡುವೆಯೇ ಹೊರಗೆ ಬರದೆ, ಲೂಪ್ ಮುಗಿದರೆ ಮಾತ್ರ ಓಡುವ ಭಾಗ ಅದು. ಬಹಳ ಜನ ಅದನ್ನು ವಿಚಿತ್ರ ಅನ್ನುತ್ತಾರೆ. ಅದು ಬಿಡಿಸುತ್ತಿರುವುದು ಇದೇ ಗಂಟನ್ನು.

ಕ್ನೂತ್ ಅವರ ಲೇಖನದಲ್ಲಿ ಡೈಕ್‌ಸ್ಟ್ರಾ ಅವರಿಂದ ಬಂದ ಒಂದು ಕಾಗದದ ಮಾತೂ ಇದೆ. ಗೋಟೂ ವಿಷಯದಲ್ಲಿ ನಾನು ಹಟವಾದಿ ಅಂತ ತಿಳಿಯಬೇಡಿ, ಬೇರೆಯವರು ಇದನ್ನೊಂದು ಧರ್ಮ ಮಾಡುತ್ತಿದ್ದಾರೆ ಅಂತ ನನಗೆ ಕಸಿವಿಸಿಯಾಗುತ್ತದೆ ಅನ್ನುವ ಅರ್ಥದ್ದು. ಪತ್ರ ಬಂದ ಆರೇ ವರ್ಷಕ್ಕೆ ಅವರಿಗೇ ಹಾಗನ್ನಿಸಿತ್ತು. ಕಾರಣ ಮರೆತು ನಿಯಮ ಮಾತ್ರ ಉಳಿಯುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ.

ಅದೇ 1974ರಲ್ಲಿ ಕಂಪ್ಯೂಟರ್ ವಿಜ್ಞಾನಿ ಎಸ್. ರಾವ್ ಕೊಸರಾಜು ಇನ್ನೊಂದು ಮುಖ್ಯ ಸಂಗತಿ ಸಾಬೀತು ಮಾಡಿದರು. ಒಳಗೊಳಗೆ ಎಷ್ಟೇ ಲೂಪ್‌ಗಳಿದ್ದರೂ, ಬೇಕಾದ ಹಂತದವರೆಗೆ ಒಂದೇ ಸಲ ಹೊರಗೆ ಬರುವ ಸೌಕರ್ಯ ಇದ್ದರೆ ಆ ಹೆಚ್ಚುವರಿ ಫ್ಲ್ಯಾಗ್‌ಗಳಿಲ್ಲದೆಯೇ ಬರೆಯಬಹುದು. ಜಾವಾದಲ್ಲಿ ಲೂಪ್‌ಗೆ ಹೆಸರಿಟ್ಟು, ಆ ಹೆಸರು ಹೇಳಿ ಬ್ರೇಕ್ ಮಾಡಬಹುದಲ್ಲ, ಅಂಥ ಸೌಕರ್ಯ ಅದು. ಜಾವಾದಲ್ಲಿ ಗೋಟೂ ಅನ್ನುವ ಪದವನ್ನು ಯಾರೂ ಬಳಸದ ಹಾಗೆ ಕಾದಿರಿಸಿ, ಅದಕ್ಕೆ ಕೆಲಸವನ್ನೇ ಕೊಡದೆ ಇಟ್ಟಿದ್ದಾರೆ. ಆದರೆ ಹೆಸರಿರುವ ಬ್ರೇಕ್ ಕೊಟ್ಟಿದ್ದಾರೆ. ವ್ಯತ್ಯಾಸ ಏನು? ಬ್ರೇಕ್ ಯಾವಾಗಲೂ ಹೊರಕ್ಕೇ ಹೋಗುತ್ತದೆ, ಇಳಿಯುವುದು ಆ ಲೂಪ್ ಮುಗಿದ ಜಾಗದಲ್ಲೇ. ಅಲ್ಲಿ ನಿಂತ ಓದುಗನಿಗೆ 'ಇಲ್ಲಿಗೆ ಬಂದವರೆಲ್ಲ ಈ ಲೂಪ್ ಒಳಗಿನಿಂದಲೇ ಬಂದವರು' ಅನ್ನುವುದಾದರೂ ಖಚಿತ.

1987ರಲ್ಲಿ ಮತ್ತೆ ಅದೇ ಮಾಸಿಕದಲ್ಲಿ ಫ್ರಾಂಕ್ ರೂಬಿನ್ ಅನ್ನುವವರು ಗೋಟೂ ಪರವಾಗಿ ಪತ್ರ ಬರೆದರು. ತಿಂಗಳುಗಟ್ಟಲೆ ಉತ್ತರ, ಪ್ರತ್ಯುತ್ತರ ನಡೆಯಿತು. ಓದಲು ಬಿಸಿಬಿಸಿಯಾಗಿದೆ, ಹೊಸ ವಿಷಯ ಕಡಿಮೆ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಇವತ್ತು ಗೋಟೂ ಎಲ್ಲಿ ಬದುಕಿದೆ? ಲಿನಕ್ಸ್ ಕರ್ನೆಲ್, ಅಂದರೆ ಲಿನಕ್ಸ್ ವ್ಯವಸ್ಥೆಯ ತಿರುಳಾದ ಪ್ರೋಗ್ರಾಂ, ತೆರೆದು ನೋಡಿ, ಎಲ್ಲೆಲ್ಲೂ ಇದೆ. ಸಿ ಭಾಷೆಯಲ್ಲಿ ತೆಗೆದುಕೊಂಡದ್ದನ್ನೆಲ್ಲ ನಾವೇ ವಾಪಸ್ ಕೊಡಬೇಕು. ಒಂದು ಫಂಕ್ಷನ್ ಮೊದಲು ಮೆಮೊರಿ ತೆಗೆದುಕೊಳ್ಳುತ್ತದೆ, ಆಮೇಲೆ ಬೇರೆ ಕೆಲಸಗಳು ಮುಟ್ಟದ ಹಾಗೆ ಲಾಕ್ ಹಾಕುತ್ತದೆ, ಆಮೇಲೆ ಒಂದು ಸಾಧನವನ್ನು ತೆರೆಯುತ್ತದೆ. ಮೂರನೆಯದು ಆಗಲಿಲ್ಲ ಅಂದರೆ ಲಾಕ್ ತೆಗೆದು ಮೆಮೊರಿ ಬಿಡಬೇಕು. ಎರಡನೆಯದೇ ಆಗಲಿಲ್ಲ ಅಂದರೆ ಮೆಮೊರಿ ಮಾತ್ರ ಬಿಡಬೇಕು. ಕರ್ನೆಲ್‌ನವರು ಫಂಕ್ಷನ್‌ನ ಕೊನೆಯಲ್ಲಿ ಇದನ್ನು ಮೆಟ್ಟಿಲು ಮೆಟ್ಟಿಲಾಗಿ, ತೆಗೆದುಕೊಂಡದ್ದಕ್ಕೆ ತಿರುಗುಮುರುಗಾದ ಕ್ರಮದಲ್ಲಿ ಬರೆದಿರುತ್ತಾರೆ. ಪ್ರತಿ ಮೆಟ್ಟಿಲಿಗೂ ಒಂದು ಲೇಬಲ್. ಎಲ್ಲಿ ತಪ್ಪಾಯಿತೋ ಅದಕ್ಕೆ ಸರಿಹೊಂದುವ ಮೆಟ್ಟಿಲಿಗೆ ಹಾರಿದರೆ, ಅಲ್ಲಿಂದ ಕೆಳಗಿನದೆಲ್ಲ ತಾನಾಗಿ ನಡೆಯುತ್ತದೆ.

ಕರ್ನೆಲ್ ಕೋಡ್ ಹೇಗೆ ಬರೆಯಬೇಕು ಅಂತ ಒಂದು ಬರಹವೇ ಇದೆ. ಗೋಟೂ ಬಗ್ಗೆ ಅದರಲ್ಲಿರುವ ಭಾಗವನ್ನು ಓದಿದಾಗ ನನಗೆ ನನ್ನ 'ಎಲ್4' ನೆನಪಾಯಿತು. ಲೇಬಲ್‌ಗಳಿಗೆ 'ಎರರ್1', 'ಎರರ್2' ಅಂತ ಅಂಕಿ ಕೊಡಬೇಡಿ, ಅಲ್ಲಿ ಏನು ನಡೆಯುತ್ತದೆ ಅಂತ ಹೆಸರಿಡಿ ಅನ್ನುತ್ತದೆ ಅದು. 'ಬಫರ್ ಬಿಟ್ಟು ಹೊರಗೆ' ಅನ್ನುವ ಥರದ ಹೆಸರು. ಜೊತೆಗೆ, ಒಂದೇ 'ಎರರ್' ಲೇಬಲ್ ಇಟ್ಟು ಎಲ್ಲರನ್ನೂ ಅಲ್ಲಿಗೇ ಕಳಿಸಿದರೆ ಆಗುವ ತಪ್ಪಿಗೆ ಅಲ್ಲಿ ಪ್ರತ್ಯೇಕ ಹೆಸರೇ ಇದೆ. ಕೆಲವು ದಾರಿಗಳಿಂದ ಬಂದಾಗ ಬಿಡಬೇಕಾದ ವಸ್ತು ಇನ್ನೂ ಹುಟ್ಟಿಯೇ ಇರುವುದಿಲ್ಲ. ಪರಿಹಾರ ಏನೆಂದರೆ ಆ ಲೇಬಲ್ಲನ್ನು ಎರಡಾಗಿ ಒಡೆಯುವುದು. ಗೋಟೂ ತೆಗೆಯುವುದಲ್ಲ, ಲೇಬಲ್ ಒಡೆಯುವುದು! ಒಂದು ಬಾಗಿಲಿಗೆ ಒಂದೇ ಸ್ಥಿತಿಯಲ್ಲಿರುವವರು ಮಾತ್ರ ಬರಲಿ ಅನ್ನುವುದು.

ಹೀಗೆ ಬಳಸುವವರೇ ಜಾಸ್ತಿ ಅಂತ 2015ರ ಒಂದು ಅಧ್ಯಯನವೂ ತೋರಿಸಿತು. ಗಿಟ್‌ಹಬ್‌ನ 11,000ಕ್ಕೂ ಹೆಚ್ಚು ರೆಪಾಸಿಟರಿಗಳ, ಅಂದರೆ ಕೋಡ್ ಸಂಗ್ರಹಗಳ, ಸಿ ಫೈಲುಗಳಿಂದ 384ನ್ನು ಆರಿಸಿ ಕೈಯಾರೆ ಓದಿ ನೋಡಿದರು. ಗೋಟೂ ಬಳಕೆಯಾಗಿದ್ದು ಮುಖ್ಯವಾಗಿ ತಪ್ಪು ನಿಭಾಯಿಸಲು ಮತ್ತು ತೆಗೆದುಕೊಂಡದ್ದನ್ನು ವಾಪಸ್ ಕೊಡಲು. ಡೈಕ್‌ಸ್ಟ್ರಾ ಹೆದರಿದ್ದಂಥ ಲಂಗುಲಗಾಮಿಲ್ಲದ ಬಳಕೆ ಹೆಚ್ಚು ಕಾಣಲಿಲ್ಲ. ಅವರ ಪತ್ರ ತಪ್ಪಾಗಿತ್ತು ಅಂತ ಇದರ ಅರ್ಥ ಅಲ್ಲ. ಅದು ಗೆದ್ದಿತು, ಹಾಗಾಗಿ ಉಳಿದ ಗೋಟೂಗಳು ಶಿಸ್ತಿನವು ಅಂತ ನಾನು ಓದಿಕೊಳ್ಳುತ್ತೇನೆ.

ಇಲ್ಲಿ ಒಬ್ಬರು 'ಆಪಲ್‌ನ ಗೋಟೂ ಫೇಲ್?' ಅಂತ ಕೇಳಿದರು. ಅದಕ್ಕೇ ಬರುತ್ತಿದ್ದೆ. ಆಪಲ್ ಕಂಪನಿಯ ಸಾಫ್ಟ್‌ವೇರ್‌ನಲ್ಲಿ 2014ರ ಫೆಬ್ರವರಿಯಲ್ಲಿ ಬೆಳಕಿಗೆ ಬಂದ ತಪ್ಪು. ಸುರಕ್ಷಿತ ಸಂಪರ್ಕ ಮಾಡುವಾಗ ಆ ಕಡೆ ಇರುವ ಸರ್ವರ್‌ನ ಸಹಿ ನಿಜವೇ ಅಂತ ನೋಡುವ ಫಂಕ್ಷನ್ ಅದು. ಸಾಲಾಗಿ ಪರೀಕ್ಷೆಗಳು. ಪ್ರತಿ ಇಫ್ ಕೆಳಗೆ 'ಗೋಟೂ ಫೇಲ್'. ಒಂದು ಕಡೆ ಆ ಸಾಲು ಎರಡು ಸಲ ಬಂದುಬಿಟ್ಟಿತ್ತು. ಇಫ್‌ಗೆ ಬ್ರೇಸ್, ಅಂದರೆ ಸಾಲುಗಳನ್ನು ಒಟ್ಟಿಗೆ ಕಟ್ಟುವ ಕಂಸ, ಹಾಕಿರಲಿಲ್ಲ. ಹಾಗಾಗಿ ಎರಡನೇ ಸಾಲು ಇಫ್‌ಗೆ ಸೇರಲಿಲ್ಲ. ಏನೇ ಆದರೂ ಹಾರುತ್ತಿತ್ತು. ಸಹಿಯನ್ನು ನಿಜವಾಗಿ ನೋಡುವ ಕೊನೆಯ ಪರೀಕ್ಷೆ ನಡೆಯುತ್ತಲೇ ಇರಲಿಲ್ಲ. ಸಹಿ ಸರಿಯಿದೆ ಅನ್ನುವ ಉತ್ತರ ಬರುತ್ತಿತ್ತು.

ಇದನ್ನು ಗೋಟೂ ತಪ್ಪು ಅಂತ ಕೆಲವರು, ಬ್ರೇಸ್ ತಪ್ಪು ಅಂತ ಕೆಲವರು. ಬ್ರೇಸ್ ಅನ್ನುವವರ ಮಾತಿನಲ್ಲಿ ಹುರುಳಿದೆ. ಗೋಟೂ ಬದಲು ರಿಟರ್ನ್ ಇದ್ದು, ಅದೇ ಎರಡು ಸಲ ಬಂದಿದ್ದರೂ ಇದೇ ಆಗುತ್ತಿತ್ತು. ಆದರೆ ಆ ಲೇಬಲ್ಲನ್ನೂ ಸ್ವಲ್ಪ ನೋಡಿ. ಹೆಸರು 'ಫೇಲ್'. ಎಲ್ಲಾ ಪರೀಕ್ಷೆ ಪಾಸಾದ ದಾರಿಯೂ ಕೊನೆಗೆ ಇದೇ ಲೇಬಲ್‌ಗೆ ಬಂದು, ಕೈಯಲ್ಲಿದ್ದ ಎರರ್ ಸಂಖ್ಯೆಯನ್ನೇ ಉತ್ತರವಾಗಿ ಕೊಡುತ್ತಿತ್ತು. ಸೊನ್ನೆ ಅಂದರೆ ಎಲ್ಲಾ ಸರಿ. ಅಂದರೆ ಪಾಸಾದವರು, ಫೇಲಾದವರು, ಪರೀಕ್ಷೆಯನ್ನೇ ಬರೆಯದವರು, ಮೂವರೂ ಒಂದೇ ಬಾಗಿಲಲ್ಲಿ. 'ಫೇಲ್'ಗೆ ಬಂದರೆ ಉತ್ತರ ಯಾವಾಗಲೂ ತಪ್ಪು ಅಂತಲೇ ಇರಬೇಕು, ಪಾಸಾದವರಿಗೆ ಬೇರೆ ಬಾಗಿಲು ಅಂತ ಮಾಡಿದ್ದರೆ, ಆ ಹೆಚ್ಚುವರಿ ಸಾಲು ಎಲ್ಲಾ ಸಂಪರ್ಕವನ್ನೂ ತಡೆದು ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು.

ಗೋಟೂ ಅನ್ನುವ ಪದ ಇಲ್ಲದಿದ್ದರೆ ಕ್ಷೇಮ ಅಂದುಕೊಳ್ಳುವವರಿಗೆ 1990ರ ಜನವರಿ 15 ನೆನಪಿಸಬೇಕು. ಆ ದಿನ ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ದೂರದ ಕರೆಗಳ ಜಾಲ ಸುಮಾರು ಒಂಬತ್ತು ಗಂಟೆ ಕುಸಿದು ಕೂತಿತು. ಕಾರಣ, ಸಿ ಭಾಷೆಯ ಸ್ವಿಚ್ (ಹಲವು ದಾರಿಗಳಲ್ಲಿ ಒಂದನ್ನು ಆರಿಸುವ ಆಜ್ಞೆ) ಒಳಗಿನ ಇಫ್ ಒಳಗೆ ತಪ್ಪು ಜಾಗದಲ್ಲಿದ್ದ ಒಂದು ಬ್ರೇಕ್. ಎಲ್ಲಿಂದ ಹೊರಗೆ ಹೋಗುತ್ತೇನೆ ಅಂತ ಬರೆದವರು ಅಂದುಕೊಂಡದ್ದು ಒಂದು, ಅದು ಹೋದದ್ದು ಇನ್ನೊಂದು. ಬ್ರೇಕ್‌ಗೆ ಯಾರೂ ನಿಷೇಧ ಹೇರಲಿಲ್ಲ. ಹೇರಬೇಕಾಗಿಯೂ ಇಲ್ಲ.

ನಿಯಮ ಮಾಡುವವರಲ್ಲೂ ಈ ತಿಳಿವಳಿಕೆ ನಿಧಾನವಾಗಿ ಬಂದಿದೆ. ವಾಹನಗಳ ಸಾಫ್ಟ್‌ವೇರ್‌ಗಾಗಿ ಹುಟ್ಟಿದ ಮಿಸ್ರಾ ನಿಯಮಗಳಲ್ಲಿ ಮೊದಲು ಗೋಟೂ ಪೂರ್ತಿ ನಿಷಿದ್ಧ. 2012ರ ಆವೃತ್ತಿಯಲ್ಲಿ ಅದು ಸಲಹೆಯಾಗಿ ಇಳಿಯಿತು. ಜೊತೆಗೆ ಎರಡು ಕಟ್ಟುಪಾಡು ಬಂದವು. ಗೋಟೂ ಕೆಳಮುಖವಾಗಿ ಮಾತ್ರ ಹಾರಬೇಕು. ಬೇರೆ ಬ್ಲಾಕಿನ, ಅಂದರೆ ಒಟ್ಟಿಗೆ ಕಟ್ಟಿದ ಸಾಲುಗಳ ಬೇರೆ ಗುಂಪಿನ, ಒಳಕ್ಕೆ ಹಾರಬಾರದು. ಗೋ ಭಾಷೆಯಲ್ಲೂ ಗೋಟೂ ಇದೆ. ಅಲ್ಲೂ ಬ್ಲಾಕಿನ ಒಳಕ್ಕೆ ಹಾರುವಂತಿಲ್ಲ, ವೇರಿಯಬಲ್ ಹುಟ್ಟುವ ಸಾಲನ್ನು ದಾಟಿ ಹಾರುವಂತಿಲ್ಲ. ಎರಡೂ ಕಡೆ ಕಾಯುತ್ತಿರುವುದು ಇಳಿಯುವ ಜಾಗವನ್ನು.

ಯಂತ್ರದ ಮಟ್ಟದಲ್ಲಿ ಹಾರುವುದು ತಪ್ಪುವುದಿಲ್ಲ. ನೀವು ಬರೆದ ಇಫ್, ಲೂಪ್‌ಗಳು, ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಕೈಯಲ್ಲಿ ಕೊನೆಗೆ ಸಾಮಾನ್ಯವಾಗಿ ಜಂಪ್ ಆಗಿಯೇ ಬದಲಾಗುತ್ತವೆ. ಆದರೂ ಬ್ರೌಸರ್‌ಗಳಲ್ಲಿ ಓಡುವ ವೆಬ್‌ಅಸೆಂಬ್ಲಿ ಅನ್ನುವ ಕೆಳಮಟ್ಟದ ಕೋಡ್ ರೂಪಿಸಿದವರು ಅದರಲ್ಲಿ ಬೇಕಾದ ಕಡೆಗೆ ಹಾರುವ ಆಜ್ಞೆ ಇಡಲಿಲ್ಲ. ಸುತ್ತಲಿರುವ ಬ್ಲಾಕುಗಳ ಹೊರಕ್ಕೆ ಅಥವಾ ಲೂಪ್‌ನ ತಲೆಗೆ ಮಾತ್ರ ಹೋಗಬಹುದು. ಯಾರೋ ಕಳಿಸಿದ ಕೋಡನ್ನು ಓಡಿಸುವ ಮೊದಲು ಅದು ಸರಿಯಿದೆಯೇ ಅಂತ ಬೇಗ ಪರೀಕ್ಷಿಸಬೇಕು. ಈ ಸಾಲಿಗೆ ಯಾವ ಸ್ಥಿತಿಯಲ್ಲಿ ಬಂದೆವು ಅಂತ ಸುಲಭವಾಗಿ ಗೊತ್ತಾದರೆ ಮಾತ್ರ ಅದು ಸಾಧ್ಯ. ಡೈಕ್‌ಸ್ಟ್ರಾ ಮನುಷ್ಯ ಓದುಗನಿಗೆ ಬೇಕು ಅಂದದ್ದು, ಓದುವ ಯಂತ್ರಕ್ಕೂ ಬೇಕಾಯಿತು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

'ಸರ್, ಎಕ್ಸೆಪ್ಶನ್ ಕೂಡ ಗೋಟೂನೇ ಅಲ್ವಾ?' ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದರು. ಒಳ್ಳೆಯ ಪ್ರಶ್ನೆ. ಎಕ್ಸೆಪ್ಶನ್ ಅಂದರೆ, ಟ್ರೈ ಅನ್ನುವ ಭಾಗದೊಳಗೆ ತಪ್ಪಾದಾಗ ಅದನ್ನು ಥ್ರೋ ಮಾಡಿ, ಕ್ಯಾಚ್ ಅನ್ನುವ ಭಾಗದಲ್ಲಿ ಹಿಡಿಯುವುದು. ಥ್ರೋ ಮಾಡುವ ಸಾಲಿನಲ್ಲಿ ಎಲ್ಲಿಗೆ ಹೋಗುತ್ತದೆ ಅಂತ ಬರೆದಿರುವುದಿಲ್ಲ. ಕ್ಯಾಚ್ ಮಾಡುವ ಜಾಗದಲ್ಲಿ ಎಲ್ಲಿಂದ ಬಂತು ಅಂತಲೂ ಬರೆದಿರುವುದಿಲ್ಲ. ಒಂದು ಮಾತ್ರ ಗ್ಯಾರಂಟಿ, ಬರುವುದು ಟ್ರೈ ಒಳಗಿನಿಂದಲೇ. ಆ ಟ್ರೈ ಒಳಗೆ ಇನ್ನೂರು ಸಾಲು ತುಂಬಿಸಿದರೆ ಕ್ಯಾಚ್ ನನ್ನ 'ಎಲ್4' ಆಗುತ್ತದೆ. ಗೋಟೂ ಕಂಡರೆ ಕೆಂಪು ಗೆರೆ ಎಳೆಯುವವರು ಅಂಥ ಕ್ಯಾಚ್ ನೋಡಿ ಸುಮ್ಮನಿರುವುದು ನನಗೆ ಬೇಸರ ತರುತ್ತದೆ. ಟ್ರೈ ಚಿಕ್ಕದಾಗಿರಲಿ.

ಇನ್ನೊಬ್ಬರು ಹಿನ್ನೆಲೆಯಲ್ಲಿ ಓಡುವ ಕೆಲಸಗಳ ಬಗ್ಗೆ ಕೇಳಿದರು. ಒಂದು ಕೆಲಸವನ್ನು ಶುರುಮಾಡಿ, ಅದು ಯಾವಾಗ ಮುಗಿಯಿತು ಅಂತ ನೋಡದೆ ಮುಂದೆ ಹೋಗುವ ಅಭ್ಯಾಸ ಈಗ ಎಲ್ಲೆಡೆ ಇದೆ. ಅಲ್ಲಿ 'ಎಲ್ಲಿದ್ದೇವೆ' ಅನ್ನುವುದಕ್ಕೆ ಒಂದು ವಿಳಾಸ ಸಾಲದು, ಹತ್ತು ಬೇಕು. 2022ರಲ್ಲಿ ಬಂದ ಪೈಥಾನ್ 3.11ರಲ್ಲಿ ಟಾಸ್ಕ್ ಗ್ರೂಪ್ ಸೇರಿಸಿದ್ದಾರೆ. ಅದರೊಳಗೆ ಶುರುವಾದ ಕೆಲಸಗಳೆಲ್ಲ ಮುಗಿಯದೆ ಆ ಬ್ಲಾಕ್ ಮುಗಿಯುವುದಿಲ್ಲ. ಕಾಟ್ಲಿನ್, ಸ್ವಿಫ್ಟ್ ಭಾಷೆಗಳಲ್ಲೂ ಇಂಥದ್ದಿದೆ. ಆ ಬ್ಲಾಕಿನ ಕೆಳಗಿನ ಸಾಲಿನಲ್ಲಿ ನಿಂತವರಿಗೆ ಮೇಲೆ ಶುರುವಾದದ್ದೆಲ್ಲ ಮುಗಿದಿದೆ ಅಂತ ಖಚಿತವಾಗಿ ಗೊತ್ತು. ಈ ಜಗಳ ಈಗ ನಡೆಯುತ್ತಿರುವುದು ಇಲ್ಲಿ ಅಂತ ನನಗನ್ನಿಸುತ್ತದೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. 'ಆ 700 ಸಾಲಿನ ಫಂಕ್ಷನ್ ಕೊನೆಗೆ ಏನಾಯಿತು ಸರ್?'

ಫ್ಲ್ಯಾಗ್‌ಗಳನ್ನು ತೆಗೆದೆ. ತೆಗೆದುಕೊಳ್ಳುವುದು, ಪರೀಕ್ಷಿಸುವುದು, ಕಳಿಸುವುದು ಅಂತ ಮೂರು ಫಂಕ್ಷನ್ ಮಾಡಿದೆ. ಮೊದಲ ಎರಡರಲ್ಲಿ ಗೋಟೂ ಬೇಕಾಗಲಿಲ್ಲ. ಮೂರನೆಯದರಲ್ಲಿ ಎರಡು ಲೇಬಲ್ ಇಟ್ಟೆ, ಎರಡೂ ಫಂಕ್ಷನ್‌ನ ಕೊನೆಯಲ್ಲಿ, ಏನನ್ನು ಬಿಡುತ್ತವೆ ಅನ್ನುವುದೇ ಅವುಗಳ ಹೆಸರು. ಗೋಟೂ ಇರಬಾರದು ಅನ್ನುವ ನಿಯಮ ಇತ್ತಲ್ಲ, ಅದಕ್ಕೆ ವಿನಾಯಿತಿ ಕೇಳಿ ಒಂದು ಪುಟ ಬರೆದುಕೊಟ್ಟೆ. ಹನ್ನೊಂದು ಬಾಣಗಳಿದ್ದ ಆ ಹಳೆಯ ಹಾಳೆಯನ್ನೂ ಅದಕ್ಕೆ ಲಗತ್ತಿಸಿದ್ದೆ. ಹಾಳೆ ನೋಡಿ ಒಪ್ಪಿಗೆ ಕೊಟ್ಟರು.